ಬಾಗಿಲಲ್ಲಿ ಕೇಳಬೇಕಾದ ಮಾತು

ವಿಜಯಪುರ
18 ಜೂನ್ 2024

ಚಿ. ಸೌ. ಪೂರ್ವಾಳಿಗೆ ನಾದಿನಿ ವಿಜಯಲಕ್ಷ್ಮೀಯ ಆಶೀರ್ವಾದ.

ಇಲ್ಲಿ ನಾವು ಬದುಕಿದ್ದೇವೆ. ಅಲ್ಲಿ ನೀನು ನಮಗಿಂತ ಚೆನ್ನಾಗಿ ಬದುಕಿದ್ದೀ ಎಂದುಕೊಂಡಿದ್ದೇನೆ. ನಾಲ್ಕು ತಿಂಗಳ ಬಸುರಿ, ಘೋಣಸಗಿಯಿಂದ ಬಬಲೇಶ್ವರದ ತವರಿಗೆ ಒಬ್ಬಳೇ ಬಸ್ಸು ಹತ್ತಿ ಹೋದಳು ಎಂದು ನಿನ್ನ ಅತ್ತೆ ಊರಿಗೆಲ್ಲ ಹೇಳಿಕೊಂಡು ಅತ್ತಾಯಿತು. 'ಕುಬಸ ಆಗೂಕಿಂತ ಮೊದಲ ಯಾವ ಸೊಸಿ ತವರಿಗೆ ಹೋಗ್ಯಾಳ, ಹೇಳಬೇ' ಎಂದು ಅವ್ವ ನನ್ನನ್ನೇ ಕೇಳುತ್ತಾಳೆ, ಆ ಬಸ್ಸು ನಾನೇ ಹೊಡೆದ ಹಾಗೆ.

ಫೋನು ಮಾಡಿದೆ. ನಿನ್ನ ಫೋನು ಘೋಣಸಗಿಯಲ್ಲೇ ಉಳಿದಿದೆಯಂತೆ, ತಮ್ಮ ಸಂಗು ಎತ್ತಿದ. ನಿಮ್ಮಪ್ಪ ಶಿವಶರಣಪ್ಪನವರ ಫೋನು ಕಿರಾಣಿ ಅಂಗಡಿಯಲ್ಲಿರುತ್ತದೆ, ಅವರು ಸ್ಪೀಕರ್ ಹಾಕದೆ ಮಾತಾಡುವವರಲ್ಲ. ಸಕ್ಕರೆ ಒಯ್ಯಲು ಬಂದವರೂ ನನ್ನ ಆರೋಗ್ಯ ವಿಚಾರಿಸಿದರು. ಅದಕ್ಕೇ ಕಾಗದ. ಕಾಗದಕ್ಕೆ ಸ್ಪೀಕರ್ ಇಲ್ಲ.

ನನ್ನದು ಹಳೆಯ ಪಾಡೇ. ಬೆಳಿಗ್ಗೆ ಬಸ್ಸಿನಲ್ಲಿ ಟಿಕೋಟಾ ದವಾಖಾನೆಗೆ ಹೋಗಿ, ಎಚ್‌ಐವಿ ತಪಾಸಣೆಗೆ ಬಂದ ಬಸುರಿಯರಿಗೆ ಅವರ ಹಡೆದ ತಾಯಿಯೂ ಕೇಳದ ಪ್ರಶ್ನೆ ಕೇಳುತ್ತೇನೆ. ಸಂಜೆ ಬಂದು ಬೇಳೆಗೆ ಒಗ್ಗರಣೆ ಹಾಕುತ್ತೇನೆ. ಕನ್ನಡದಲ್ಲಿ ಬಿ.ಎ. ಮಾಡಿದವಳನ್ನು ಸರ್ಕಾರ ಉಪಯೋಗಿಸಿಕೊಂಡ ಬಗೆ ಇದು. ನಮ್ಮ ಮನೆಯವರು ಬೀಜದ ಕಂಪನಿಯ ಕೆಲಸಕ್ಕೆಂದು ಅರ್ಧ ತಿಂಗಳು ಜತ್ತ, ಸೋಲಾಪುರದ ಕಡೆ ಇರುತ್ತಾರೆ, ಉಳಿದರ್ಧ ಟಿವಿಯ ಕಡೆ.

ಏಳನೆಯ ತಿಂಗಳಲ್ಲಿ ಕುಬಸದ ಸೀಮಂತಕ್ಕೆ ಹಸಿರು ಸೀರೆ ತೆಗೆದುಕೊಂಡು ನಾವೇ ಅಲ್ಲಿಗೆ ಬರುತ್ತೇವೆ. ಹೆಂಗಸರು ನಿನ್ನನ್ನು ಗಂಡನ ಹೆಸರು ಹೇಳದೆ ಬಿಡುವುದಿಲ್ಲ. ಒಡಪು ಈಗಲೇ ಕಟ್ಟಿ ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ, ಬಾಯಿಪಾಠ ಮಾಡು:

ಹಸರ ಬಳಿ, ಹಸರ ಸೀರಿ, ಉಡಿಯಾಗ ಐದು ಹಣ್ಣ,
ಸಂಗಪ್ಪರ ಹೆಸರು ಹೇಳತೀನಿ, ಅವರ ನನ್ನ ಕಣ್ಣ.

ನಿನ್ನ
ವಿಜಯಲಕ್ಷ್ಮೀ


ಬಬಲೇಶ್ವರ
2 ಜುಲೈ 2024

ಅಕ್ಕಾವರಿಗೆ ಪೂರ್ವಾಳ ನಮಸ್ಕಾರ.

ನಾನು ಆರಾಮ ಇದ್ದೇನೆ. ಇಲ್ಲಿಯ ದವಾಖಾನೆಗೇ ತೋರಿಸುತ್ತಿದ್ದೇನೆ, ಟಿಕೋಟಾಕ್ಕೆ ಇನ್ನು ಬರುವುದಿಲ್ಲ. ಅತ್ತೆಯವರಿಗೆ ಅಳಬೇಡರಿ ಎಂದು ಹೇಳಿರಿ.

ನೀವು ಕಟ್ಟಿದ ಒಡಪು ಚೆನ್ನಾಗಿದೆ. ನನಗೆ ಹೇಳಲು ಬರುವುದಿಲ್ಲ. ಚೀಟಿಯನ್ನು ಇದರೊಳಗೇ ಇಟ್ಟು ಕಳಿಸಿದ್ದೇನೆ. ಹೆಸರು ಬದಲಿಸಿದರೆ ಬೇರೆ ಬಸುರಿಗೆ ಆಗುತ್ತದೆ.

ನಿಮ್ಮ
ಪೂರ್ವಾ


ವಿಜಯಪುರ
10 ಜುಲೈ 2024

ಪೂರ್ವಾ,

ಕೊಟ್ಟ ಸೀರೆ ವಾಪಸು ಬಂದದ್ದು ನೋಡಿದ್ದೇನೆ, ಕೊಟ್ಟ ಹೆಣ್ಣು ವಾಪಸು ಬಂದದ್ದೂ ನೋಡಿದ್ದೇನೆ. ಒಡಪು ವಾಪಸು ಬಂದದ್ದು ಇದೇ ಮೊದಲು.

ಏನಾಗಿದೆ? ಅವ್ವ ಏನಾದರೂ ಅಂದಳೇನು? ಅಂದಿದ್ದರೆ ನನ್ನ ಮದುವೆಗೆ ಮೊದಲು ನನಗೂ ಅಷ್ಟನ್ನೂ ಅಂದಿದ್ದಾಳೆ, ಅದು ಆಕೆಯ ಉಸಿರಾಟ. ಸಂಗು ಕೈ ಎತ್ತಿದನೇನು? ಅವನನ್ನೇ ಕೇಳಿದೆ. 'ಏನಿಲ್ಲಕ್ಕಾ, ಆಕಿ ಸ್ವಭಾವನ ಹಂಗ' ಅಂದ. ತಾಸಗಾಂವದ ಪೇಟೆಗೆ ಒಣದ್ರಾಕ್ಷಿ ಹೇರಿಕೊಂಡು ಹೊರಟಿದ್ದ, ಮಾತು ಅಷ್ಟಕ್ಕೇ ನಿಂತಿತು. ನಿಮ್ಮಿಬ್ಬರ ಜಗಳದಲ್ಲಿ ನಾನು ಯಾವ ಕಡೆ ನಿಲ್ಲಬೇಕು ಎಂದಾದರೂ ಹೇಳು, ನಡುವೆ ನಿಂತು ಕಾಲು ನೋಯುತ್ತಿವೆ.

ಟಿಕೋಟಾಕ್ಕೆ ಬರುವುದಿಲ್ಲ ಎಂದೇಕೆ ಬರೆದಿ? ಮೇ ತಿಂಗಳಲ್ಲಿ ಬಂದಾಗ ನಿನ್ನನ್ನು ಸಾಲಿನಲ್ಲಿ ಕಾಯಿಸಲಿಲ್ಲ. ಚಹಾ ಕುಡಿಸಿದೆ. ರಕ್ತ ತೆಗೆಯುವ ಅಬ್ದುಲಸಮದನಿಗೆ 'ನಮ್ಮ ಮನಿಯಾಕಿ, ಸೂಜಿ ಮೆಲ್ಲಕ' ಎಂದು ಹೇಳಿದೆ. ವರದಿಯೂ ಏನೂ ಇಲ್ಲವೆಂದೇ ಬಂತು. ಇನ್ನು ಚಹಾದಲ್ಲಿ ತಪ್ಪಿತ್ತೇನು?

ವಿಜಯಲಕ್ಷ್ಮೀ


ಬಬಲೇಶ್ವರ
26 ಜುಲೈ 2024

ಅಕ್ಕಾವರೆ,

ಹೌದು, ಚಹಾದಲ್ಲೇ ತಪ್ಪಿತ್ತು.

ಅವತ್ತು ನಿಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ನಿಮ್ಮ ಬಾಗಿಲಿಗೆ ಇರುವುದು ಬರೀ ಪರದೆ. ನನಗಿಂತ ಮೊದಲು ಕನಮಡಿಯ ಕಡೆಯ ಒಬ್ಬ ಕೂಲಿಯಾಕೆ ಒಳಗಿದ್ದಳು. ನೀವು ಕೇಳಿದ್ದು ನನಗೆ ಕೇಳಿಸಿತು. 'ನಿಮ್ಮ ಮನಿಯವರು ಎಷ್ಟು ದಿನ ಹೊರಗಿರತಾರವ್ವಾ? ಅವರಿಗೆ ಬ್ಯಾರೆ ಯಾರರ ಅದಾರೇನು? ನಿನಗ? ನಿರೋಧ ಬಳಸ್ತೀರೇನು? ಅವರಿಗೆ ಹುಣ್ಣು, ಉರಿ ಏನರ ಆಗಿತ್ತೇನು?' ಆಕೆ ಎಲ್ಲದಕ್ಕೂ 'ಇಲ್ಲರಿ' ಅಂದಳು. ನಾನು ಹೊರಗೆ ಕುಳಿತು ನನ್ನ ಉತ್ತರ ಜೋಡಿಸಿಕೊಳ್ಳುತ್ತಿದ್ದೆ. ಘೋಣಸಗಿಯಿಂದ ಬರುವಾಗ ಬಸ್ಸಿನಲ್ಲೇ ಶುರು ಮಾಡಿದ್ದೆ.

ಒಳಗೆ ಬಂದೆ. 'ಬಾ ಬಾ, ನೀ ಯಾಕ ಸಾಲಿನ್ಯಾಗ ಕುಂತಿ' ಅಂದಿರಿ. ಚಹಾ ತರಿಸಿದಿರಿ. ಒಣದ್ರಾಕ್ಷಿಯ ದರ ಕೇಳಿದಿರಿ. ಎಲ್ಲ ಪ್ರಶ್ನೆಗಳಿಗೂ ನೀವೇ 'ಇಲ್ಲ' ಎಂದು ಬರೆದುಕೊಂಡು, 'ನಿನಗೇನು ಕೇಳೂದು, ಮನಿಯಾಕಿ' ಎಂದು ನಕ್ಕಿರಿ. ನೀವು ಕೇಳುತ್ತೀರಿ ಎಂದೇ ನಾನು ಅಷ್ಟು ದೂರ ಬಂದಿದ್ದೆ.

ಗಂಡನ ವಿಷಯ ಹೆಂಡತಿ ತಾನಾಗಿ ಎತ್ತುವ ಹಾಗಿಲ್ಲ. ಹೆಸರನ್ನೇ ಎತ್ತುವುದಿಲ್ಲ. ಯಾರಾದರೂ ಬಾಗಿಲು ತಡೆದು ಕೇಳಬೇಕು, ಆಗ ಹೇಳಬಹುದು. ಮದುವೆಯ ದಿನ ಘೋಣಸಗಿ ಮನೆಯ ಬಾಗಿಲಿಗೆ ಎರಡೂ ಕೈ ಹಚ್ಚಿ ನಿಂತಿದ್ದವರು ನೀವೇ. 'ಹೆಸರು ಹೇಳು, ಒಳಗ ಬಾ. ಇಲ್ಲಂದ್ರ ಬಬಲೇಶ್ವರದ ಬಸ್ಸು ಇನ್ನೂ ಐತಿ' ಅಂದಿರಿ. ನಾನು ಹೆದರಿ, ನೀವೇ ಕಿವಿಯಲ್ಲಿ ಊದಿದ್ದನ್ನು ಹೇಳಿದೆ:

ಒಣದ್ರಾಕ್ಷಿ ರಾಶಿ ಮ್ಯಾಲ ಬೆಳ್ಳಿಯ ತಕ್ಕಡಿ,
ಸಂಗಪ್ಪರ ಹೆಸರು ಹೇಳೇನಿ, ಅಕ್ಕಾ ಬಾಗಿಲ ಬಿಡಿ.

ಅವತ್ತು ಹೇಳುವ ತನಕ ಬಿಡಲಿಲ್ಲ. ಟಿಕೋಟಾದಲ್ಲಿ ಕೇಳದೆ ಬಿಟ್ಟಿರಿ.

ಈಗ ಕೇಳದಿದ್ದರೂ ಹೇಳುತ್ತೇನೆ. ಕಾಗದದಲ್ಲಿ ನನ್ನ ಮುಖ ಕಾಣುವುದಿಲ್ಲ. ತಾಸಗಾಂವದಲ್ಲಿ ಮಾಲು ಇಳಿಸಿ ಬರಲು ಬೇಕಾದ್ದಕ್ಕಿಂತ ಹೆಚ್ಚು ದಿನ ಅವರು ಅಲ್ಲಿರುತ್ತಾರೆ. ಅವರ ಗೆಳೆಯ ಯಲ್ಲಾಲಿಂಗ ಒಮ್ಮೆ ನಾನು ಒಳಗಿರುವುದು ಗೊತ್ತಿಲ್ಲದೆ, 'ಸಂಗ್ಯಾಗ ಅಲ್ಲೊಂದು ಮನೀನ ಐತಲ್ಲೋ' ಎಂದು ನಕ್ಕ. ಯುಗಾದಿಯ ಮುಂದೆ ಅವರಿಗೆ ಹುಣ್ಣಾಗಿತ್ತು. ಲಾರಿ ಸೀಟಿನ ಉಷ್ಣ ಅಂದರು. ನಾನು ನಂಬಿ ಕೊಬ್ಬರಿ ಎಣ್ಣೆ ಕಾಯಿಸಿ ಕೊಟ್ಟೆ. ಆಮೇಲೆ ಅಲ್ಲೇ ಎಲ್ಲೋ ಇಂಜೆಕ್ಷನ್ ಮಾಡಿಸಿಕೊಂಡು ಬಂದರು. ಬಹಳ ಧೈರ್ಯ ಮಾಡಿ ಒಮ್ಮೆ ನಿರೋಧದ ಮಾತು ಎತ್ತಿದೆ. 'ಅದು ನಿನಗ ಹೆಂಗ ಗೊತ್ತು? ಯಾರು ಕಲಿಸ್ಯಾರ?' ಎಂದು ನನ್ನನ್ನೇ ಕೇಳಿದರು.

ಟಿಕೋಟಾದ ವರದಿ ಬಂದ ದಿನ ಅದನ್ನು ಕೈಯಲ್ಲಿ ಹಿಡಿದು, 'ನೋಡು, ನಿನಗಿಲ್ಲ ಅಂದ್ರ ನನಗೂ ಇಲ್ಲ' ಅಂದರು. ಮರುವಾರ ನಾನು ಬಸ್ಸು ಹತ್ತಿದೆ.

ಅಪ್ಪ, ಅವ್ವನಿಗೆ ಏನೂ ಹೇಳಿಲ್ಲ. ಯಾವ ಬಾಯಿಂದ ಹೇಳಲಿ?

ಪೂರ್ವಾ


ವಿಜಯಪುರ
14 ಆಗಸ್ಟ್ 2024

ಪೂರ್ವಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರಕ್ಕೆ ಕುಳಿತಾಗಲೆಲ್ಲ ಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನಮ್ಮ ಅಟ್ಟ ಈಗ ಬಹಳ ಸ್ವಚ್ಛವಾಗಿದೆ.

ಮರೆತು ಬಿಟ್ಟದ್ದಲ್ಲ. ನಿನ್ನನ್ನು ಕೇಳಿದ್ದರೆ ಆ ಪ್ರಶ್ನೆ ನನ್ನ ತಮ್ಮನಿಗೆ ಹೋಗಿ ಮುಟ್ಟುತ್ತಿತ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗನ ಬಗ್ಗೆ 'ಬ್ಯಾರೆ ಯಾರರ ಅದಾರೇನು' ಎಂದು ಹೇಗೆ ಕೇಳಲಿ ಎಂದುಕೊಂಡೆ. ನೀನು ಏನು ಹೇಳಬಹುದು ಎಂಬ ಅಂಜಿಕೆಯೂ ಇತ್ತು. ಅದಕ್ಕೇ ಚಹಾ.

ಇನ್ನೊಂದು ಹೇಳಿಬಿಡುತ್ತೇನೆ. ಹೀಗೆ ಚಹಾ ಕುಡಿದು ಹೋದವಳು ನೀನೊಬ್ಬಳೇ ಅಲ್ಲ. ಗುರುತಿನವರು, ಮಾಸ್ತರರ ಹೆಂಡಂದಿರು, ತೋಟದ ಮನೆಯವರು ಬಂದರೆ ನನ್ನ ದನಿ ಇಳಿಯುತ್ತದೆ, ಪ್ರಶ್ನೆ ಹಾರುತ್ತದೆ. ಕೊರಳಲ್ಲಿ ಚಿನ್ನ ಇದ್ದರೆ ನನ್ನ ಬಾಯಿ ಸಣ್ಣ, ಕೂಲಿಯವಳ ಎದುರಿಗೆ ಮಾತ್ರ ನಾನು ಯಮಧರ್ಮನ ಅಣ್ಣ. ನೋಡು, ಪ್ರಾಸ ಬಂತು. ನಾಚಿಕೆ ಬರಬೇಕಾದ ಜಾಗದಲ್ಲಿ ನನಗೆ ಯಾವಾಗಲೂ ಪ್ರಾಸವೇ ಮೊದಲು ಬರುತ್ತದೆ.

ಈಗ ದವಾಖಾನೆಯ ಮಾತು. ಮೇ ತಿಂಗಳ ವರದಿ ಆಗಿನದು, ಇಡೀ ಬಸಿರಿಗೆ ಅದೊಂದೇ ಸಾಲದು. ಬಬಲೇಶ್ವರದಲ್ಲೇ ಇನ್ನೊಮ್ಮೆ ರಕ್ತ ಕೊಡು. ನಿನ್ನ ವರದಿ ನಿನ್ನದು ಮಾತ್ರ. ಗಂಡನ ರಕ್ತಕ್ಕೆ ಹೆಂಡತಿಯ ರಕ್ತ ಜಾಮೀನು ನಿಲ್ಲುವುದಿಲ್ಲ.

ಸಂಗುವಿಗೂ ಒಂದು ಕಾಗದ ಬರೆದೆ. ಎರಡು ಪುಟ. ಕೊನೆಗೆ ಓದಿ ನೋಡಿದರೆ ದ್ರಾಕ್ಷಿಗೆ ಔಷಧಿ ಹೊಡೆಯುವುದರ ಬಗ್ಗೆ, ಅವ್ವನ ಮೊಣಕಾಲಿನ ಬಗ್ಗೆ ಎಲ್ಲ ಇತ್ತು, ಅದೊಂದು ಇರಲಿಲ್ಲ. ಹರಿದು ಹಾಕಿದೆ.

ಕೇಳುತ್ತೇನೆ. ಸ್ವಲ್ಪ ತಾಳು.

ವಿಜಯಲಕ್ಷ್ಮೀ


ಬಬಲೇಶ್ವರ
30 ಆಗಸ್ಟ್ 2024

ಅಕ್ಕಾವರೆ,

ಮತ್ತೆ ರಕ್ತ ಕೊಟ್ಟೆ. ಈ ಸಲವೂ ಇಲ್ಲ ಎಂದೇ ಬಂದಿದೆ. ಇಲ್ಲಿಯ ನರ್ಸ್‌ಬಾಯಿಯವರು ಎಲ್ಲ ಪ್ರಶ್ನೆ ಕೇಳಿದರು. ನಾನು ಹೇಳಿದೆ. ಗುರುತಿಲ್ಲದವರ ಮುಂದೆ ಅಳುವುದು ಸುಲಭ. ಯಜಮಾನರನ್ನು ಕರೆದುಕೊಂಡು ಬಾ ಅಂದರು. ಹೇಗೆ ಕರೆಯಲಿ?

ಅತ್ತೆಯವರು ಅಪ್ಪನಿಗೆ ಫೋನು ಮಾಡಿದ್ದರು. ಭಾನುವಾರ ಕುಬಸ ಮುಗಿಸಿ ಮರುದಿನವೇ ನನ್ನನ್ನು ಘೋಣಸಗಿಗೆ ಕರೆದುಕೊಂಡು ಹೋಗುತ್ತಾರಂತೆ, ಒಂಬತ್ತನೆಯ ತಿಂಗಳಿಗೆ ಬೀಳುವ ತನಕ ಅಲ್ಲೇ ಇರಬೇಕಂತೆ. ಅಪ್ಪ 'ಆತ್ರಿ ಬೀಗತೇರ' ಅಂದುಬಿಟ್ಟಿದ್ದಾನೆ, ಅಂಗಡಿಯಲ್ಲಿ, ಸ್ಪೀಕರ್‌ನಲ್ಲಿ. ಇನ್ನು ಅದು ಊರ ಮುಂದೆ ಕೊಟ್ಟ ಮಾತು.

ಅಲ್ಲಿಗೆ ಹೋದರೆ ರಾತ್ರಿ ನಿಮ್ಮ ತಮ್ಮನವರಿಗೆ ಬೇಡ ಎನ್ನಲು ನನಗೆ ಆಗುವುದಿಲ್ಲ. ಯಾಕೆ ಬೇಡ ಎಂದು ಹೇಳಲೂ ಆಗುವುದಿಲ್ಲ. ಹೊಟ್ಟೆಯಲ್ಲಿರುವುದಕ್ಕೆ ಇದ್ಯಾವುದೂ ಗೊತ್ತಿಲ್ಲ, ಒದೆಯುತ್ತದೆ.

ತಾಳು ಎಂದು ಬರೆದಿದ್ದಿರಿ. ಕೇಳಿದಿರೇನು?

ಪೂರ್ವಾ


ವಿಜಯಪುರ
11 ಸೆಪ್ಟೆಂಬರ್ 2024

ಪೂರ್ವಾ,

ಕುಬಸದ ದಿನ ಬಾಗಿಲಲ್ಲಿ ಏನು ನಡೆಯಿತು ಎಂದು ನೀನು ಕುಳಿತ ಪಾಟದ ಮೇಲಿಂದ ನೋಡಿದ್ದೀ, ಕೇಳಿಸಿಕೊಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಉಡಿ ತುಂಬುತ್ತಿದ್ದಾಗ ಸಂಗು ಮನೆಯ ಮುಂದಿನ ಅಂಗಡಿಯಿಂದ ಒಳಗೆ ಬರಲು ಎದ್ದ. ನಾನು ಹೋಗಿ ಬಾಗಿಲಿಗೆ ಎರಡೂ ಕೈ ಹಚ್ಚಿ ನಿಂತೆ. ಹೆಂಗಸರೆಲ್ಲ ನಕ್ಕರು. 'ಹೆಂಡತಿ ಹೆಸರು ಹೇಳಿಸು ವಿಜಯಕ್ಕಾ, ಬಿಡಬ್ಯಾಡ' ಎಂದು ಯಾರೋ ಕೂಗಿದರು. ಅವನೂ ನಗುತ್ತಾ ಶುರು ಮಾಡಿದ, 'ಬಬಲೇಶ್ವರದ ಬಾಜಾರದಾಗ...' ಎಂದು. ಅಷ್ಟರಲ್ಲಿ ನಾನು ಕೇಳಿದೆ.

'ಸಂಗು, ತಾಸಗಾಂವದಾಗ ನಿನಗ ಯಾರರ ಅದಾರೇನು?'

'ಅಕ್ಕಾ, ಮಂದಿ ಅದಾರ.'

'ಮಂದಿ ಅದಾರಂತನ ಮೆಲ್ಲಕ ಕೇಳಾಕತ್ತೇನಿ.'

'ಯಾರು ಹೇಳ್ಯಾರ? ಆಕಿ ಹೇಳಿದಳೇನು?'

'ಯಾರೂ ಹೇಳಿಲ್ಲ. ಟಿಕೋಟಾದಾಗ ನಾ ಊರಿಗೆಲ್ಲ ಕೇಳತೀನಿ. ನಿನ್ನನ್ನೊಬ್ಬನ್ನ ಬಿಟ್ಟಿದ್ದೆ.'

ಅವನು ನನ್ನ ಕೈಯ ಕೆಳಗೆ ನುಸುಳಲು ನೋಡಿದ, ಸಣ್ಣವನಿದ್ದಾಗಿನ ಹಾಗೆ. ನಾನು ಕೈ ಇಳಿಸಿ ತಡೆದೆ.

'ಹೌದು ಅಂದ್ರ ಏನ್ ಮಾಡ್ತಿ?' ಅಂದ.

'ಹೌದು ಅಂದ್ರ ನಾಳೆ ವಿಜಯಪುರಕ್ಕ ಬಾ, ರಕ್ತ ಕೊಡು. ಇಲ್ಲ ಅಂದ್ರೂ ನಾಳೆ ಬಾ.'

ಹೆಂಗಸರು ಒಡಪಿಗೆ ಕಾಯುತ್ತಿದ್ದರು. ಸಂಗು ನೆಲ ನೋಡುತ್ತಾ ನಿಂತ. 'ಗಂಡಸು ನಾಚಿಕೊಂಡಾನ ನೋಡ್ರೆ' ಎಂದು ಎಲ್ಲರೂ ಮತ್ತೆ ನಕ್ಕರು. ಅವರು ಅಂದದ್ದು ನಿಜವೇ. ನನಗೂ ಮುಖ ಎತ್ತಲು ಆಗಲಿಲ್ಲ. ಅವನು ತಿರುಗಿ ಅಂಗಡಿಗೆ ಹೋದ.

ಪಯಣ ಬೇಡ ಎಂದು ದವಾಖಾನೆಯವರು ಹೇಳಿದ್ದಾರೆಂದು ಅವ್ವನಿಗೆ ಹೇಳಿದವಳೂ ನಾನೇ. 'ಯಾವ ದವಾಖಾನಿ?' ಅಂದಳು. 'ನಾನ ದವಾಖಾನಿ' ಅಂದೆ.

ಸೋಮವಾರ ಅವನು ಬಂದ. ಟಿಕೋಟಾ ಬೇಡವೆಂದು ವಿಜಯಪುರದ ದೊಡ್ಡ ದವಾಖಾನೆಗೇ ಕಳಿಸಿದೆ. ಅಕ್ಕನ ಮುಂದೆ ತಮ್ಮ ನಿಜ ಹೇಳುವುದು ಕಷ್ಟ. ಏನು ಬಂತೆಂದು ಹೊರಗೆ ಬಂದು ನನಗೆ ಹೇಳಿದ್ದಾನೆ. ನಾನು ಬರೆಯುವುದಿಲ್ಲ. ಅದು ಅವನ ಬಾಯಿಂದಲೇ ನಿನಗೆ ಬರಬೇಕು. ಬರದಿದ್ದರೆ ಹೇಳು, ಬಾಗಿಲು ಎಲ್ಲಿದೆ ಎಂದು ನನಗೆ ಈಗ ಗೊತ್ತಾಗಿದೆ.

ವಿಜಯಲಕ್ಷ್ಮೀ


ಬಬಲೇಶ್ವರ
3 ಅಕ್ಟೋಬರ್ 2024

ಅಕ್ಕಾವರೆ,

ಅವರು ಬಂದಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಸಕ್ಕರೆ ಚೀಲದ ಮೇಲೆ ಕುಳಿತರು. ಆಚೆಗೆ ಅಪ್ಪ ಯಾರಿಗೋ ಬೆಲ್ಲ ತೂಗುತ್ತಿದ್ದ. ಬಹಳ ಹೊತ್ತು ಚೀಲದ ಹೊಲಿಗೆ ಕೆದರುತ್ತಾ ಕುಳಿತು, 'ನನಗ ಐತಿ' ಅಂದರು. ಅಷ್ಟೇ.

ನಾನು ಬೈಯಲು ಏನೇನೋ ಇಟ್ಟುಕೊಂಡಿದ್ದೆ. 'ಗುಳಿಗಿ ಕೊಟ್ಟಾರೇನು' ಎಂದು ಕೇಳಿದೆ. ಕೊಟ್ಟಿದ್ದಾರಂತೆ, ದಿನಾ ತಪ್ಪಿಸಬಾರದಂತೆ. 'ಆಕಿಗೂ ಹೇಳ್ರಿ, ತಾಸಗಾಂವದಾಕಿಗೆ' ಅಂದೆ. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಎದ್ದು ಹೋದರು.

ಹೆರಿಗೆಗೆ ಮೊದಲು ನನ್ನದು ಇನ್ನೊಂದು ಪರೀಕ್ಷೆ ಇದೆ. ಘೋಣಸಗಿಗೆ ತಿರುಗಿ ಹೋಗುವುದೋ ಬಿಡುವುದೋ ಆಮೇಲೆ ನೋಡುತ್ತೇನೆ. ಈಗ ಯಾರೂ ಕೇಳಬೇಡಿರಿ.

ನೀವು ಬಾಗಿಲಲ್ಲಿ ನಿಂತದ್ದನ್ನು ನಾನು ಮರೆಯುವುದಿಲ್ಲ. ಆದರೂ ಒಂದು ಮಾತು ಮನಸ್ಸಿನಲ್ಲಿ ಕುಳಿತಿದೆ. ಸಣ್ಣವಳು ಕೇಳಿದೆ ಎಂದು ಸಿಟ್ಟಾಗಬೇಡಿರಿ. ನಿಮ್ಮ ಮನೆಯವರೂ ಅರ್ಧ ತಿಂಗಳು ಹೊರಗಿರುತ್ತಾರೆ. ನೀವು ಊರಿಗೆಲ್ಲ ಕೇಳುತ್ತೀರಿ. ನಿಮ್ಮನ್ನು ಯಾರು ಕೇಳಿದ್ದಾರೆ?

ಯಾರೂ ಕೇಳಿಲ್ಲವಾದರೆ, ನಾನು ನಿಮ್ಮ ಬಾಗಿಲಿಗೆ ಕೈ ಹಚ್ಚಿ ನಿಂತಿದ್ದೇನೆ ಎಂದುಕೊಳ್ಳಿರಿ. ಪ್ರಶ್ನೆ ನಿಮಗೆ ಬಾಯಿಪಾಠ ಇವೆ.

ನಿಮ್ಮ
ಪೂರ್ವಾ


ವಿಜಯಪುರ
21 ಅಕ್ಟೋಬರ್ 2024

ಪೂರ್ವಾ,

ಸಿಟ್ಟು ಬಂತು. ಎರಡು ದಿನ ಇತ್ತು. ನಮ್ಮ ಮನೆಯವರನ್ನು ಇವಳು ಸಂಗುವಿನ ಸಾಲಿಗೆ ಹೇಗೆ ನಿಲ್ಲಿಸಿದಳು ಎಂದು ಬೇಳೆ ಸೀಯಿಸಿದೆ. ಆಮೇಲೆ ಯೋಚಿಸಿದರೆ, ಈ ಸಿಟ್ಟಿನ ಮುಖ ನಾನು ಪರದೆಯೊಳಗೆ ದಿನಾ ನೋಡುವ ಮುಖವೇ.

ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ನನ್ನ ಕೋಣೆಯಲ್ಲಿ ಬಂದವರು ಕುಳಿತುಕೊಳ್ಳುವ ಕುರ್ಚಿಯ ಮೇಲೆ ಕುಳಿತೆ. ಅದರ ಒಂದು ಕಾಲು ಅಲುಗುತ್ತದೆ. ಇಷ್ಟು ವರ್ಷ ಯಾವ ಹೆಂಗಸೂ ಹೇಳಲಿಲ್ಲ, ಅಲುಗುತ್ತಲೇ ಉತ್ತರ ಕೊಟ್ಟು ಹೋದರು.

ಎಷ್ಟು ದಿನ ಹೊರಗಿರುತ್ತಾರೆ? ಅರ್ಧ ತಿಂಗಳು. ಅವರಿಗೆ ಬೇರೆ ಯಾರಾದರೂ ಇದ್ದಾರೆಯೇ? 'ಇಲ್ಲರಿ' ಎಂದು ಬಾಯಿ ತಾನೇ ಹೊರಟಿತ್ತು. ತಡೆದೆ. ಇಲ್ಲ ಎಂದು ನನಗೆ ಹೇಳಿದವರು ಯಾರು? ಸೋಲಾಪುರದಲ್ಲಿ ಎಲ್ಲಿ ಇಳಿದುಕೊಳ್ಳುತ್ತಾರೆ ಎಂದೂ ನಾನು ಕೇಳಿದವಳಲ್ಲ. ನನ್ನ ಉತ್ತರ 'ಗೊತ್ತಿಲ್ಲ'. ಆ ಕನಮಡಿಯಾಕೆಯದೂ ಅದೇ ಇದ್ದಿರಬೇಕು, ಎಲ್ಲರದೂ. ಗೊತ್ತಿಲ್ಲ ಎನ್ನಲು ಮಾನ ಬಿಡಬೇಕು, ಇಲ್ಲರಿ ಅಂದರೆ ಚಹಾ ಸಿಗುತ್ತದೆ. ನಾನು ಇಲ್ಲ ಎಂದು ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದೆ. ಈ ಮಾತಿಗೆ ಪ್ರಾಸ ಹುಡುಕಲಿಲ್ಲ.

ಅಬ್ದುಲಸಮದನ ಮುಂದೆ ಕೈ ಚಾಚಿದೆ. 'ಯಾರ ಹೆಸರಲೇ ಬರೀಲಿ ಮೇಡಮ್ಮಾರ?' ಅಂದ. 'ನನ್ನ ಹೆಸರಲೇ' ಅಂದೆ. ಅವನು ಬೇರೆ ಏನೂ ಕೇಳಲಿಲ್ಲ, ಸೂಜಿ ಮೆಲ್ಲಗೆ ಚುಚ್ಚಿದ. ನನ್ನದು ಇಲ್ಲ ಎಂದು ಬಂತು. ಸಮಾಧಾನ ಆಗಬೇಕಿತ್ತು. ಆದರೆ ಸಂಗು ನಿನ್ನ ವರದಿ ಹಿಡಿದುಕೊಂಡು ಅಂದ ಮಾತು ನೆನಪಾಯಿತು.

ನಿನ್ನೆ ಸಂಜೆ ನಮ್ಮ ಮನೆಯವರು ಜತ್ತದಿಂದ ಬಂದರು. ನಾನು ಬಾಗಿಲಿಗೆ ಎರಡೂ ಕೈ ಹಚ್ಚಿ ನಿಂತೆ.

'ಏನ ಇದು, ಈ ವಯಸ್ಸಿನಾಗ ಒಡಪು ಹೇಳಬೇಕೇನು?' ಎಂದು ನಕ್ಕರು.

'ಒಡಪು ಬ್ಯಾಡ. ಒಂದು ಮಾತು ಕೇಳೂದೈತಿ' ಅಂದೆ. ಕೇಳಿದೆ. ಪ್ರಶ್ನೆಗಳನ್ನು ಬಿಡದೆ, ದನಿ ಇಳಿಸದೆ, ಕೂಲಿಯವಳಿಗೆ ಕೇಳುವ ಹಾಗೆ.

'ಇಷ್ಟು ವರ್ಷದ ಮ್ಯಾಲ?' ಅಂದರು.

'ಇಷ್ಟು ವರ್ಷದ ಮ್ಯಾಲನ.'

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಾಳೆ ದವಾಖಾನೆಗೆ ಬಂದು ರಕ್ತ ಕೊಡುತ್ತೇನೆ ಅಂದರು. ನಾನು ಬಾಗಿಲು ಬಿಟ್ಟೆ. ಅವರು ಹೊಸ್ತಿಲ ಮೇಲೆ ಕುಳಿತು ಬೂಟು ಬಿಚ್ಚತೊಡಗಿದರು. ಒಂದು ಲೇಸು ಬಿಚ್ಚಲು ಅವರಿಗೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಿನ್ನ
ವಿಜಯಲಕ್ಷ್ಮೀ